ಹಿಂಬದಿಯ ಪುಟ್ಟ ಸ್ವಿಚ್ಚು: ಆರು ಮಳೆಗಾಲ ಕಂಡ ನಮ್ಮನೆ ಇನ್ವರ್ಟರ್

ನಮ್ಮ ಮನೆ ಮೂಡಿಗೆರೆ ತಾಲ್ಲೂಕಿನಲ್ಲಿ, ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಇದೆಯಾ ಅಂತ ಯಾರೂ ಕೇಳುವುದಿಲ್ಲ, ಯಾವಾಗ ಬಂದಿತ್ತು ಅಂತ ಕೇಳುತ್ತಾರೆ. 2018ರ ಮೇ ತಿಂಗಳಲ್ಲಿ ಮೆಣಸು ಮಾರಿದ ದುಡ್ಡಲ್ಲಿ ಇನ್ವರ್ಟರ್ ತಂದೆ. ಜೊತೆಗೆ 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಟ್ಯೂಬುಲರ್ ಬ್ಯಾಟರಿ. ಎರಡೂ ಸೇರಿ 19,000 ರೂಪಾಯಿ. ಕಂಪನಿ ಹೆಸರು ಬೇಡ ಬಿಡಿ.

ಮೊದಲ ವರ್ಷ ಖುಷಿಯೋ ಖುಷಿ. ಕರೆಂಟು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಅಮ್ಮ ಮಾತ್ರ ಮೊದಲ ದಿನವೇ ಮಿಕ್ಸಿ ಹಾಕಿ ನೋಡಿದಳು. ಅದು ಕೀ ಕೀ ಅಂತ ಕೂಗಿ ಆಫ್ ಆಯಿತು. "ಕಾಯಿ ರುಬ್ಬಲಿಕ್ಕಾಗದ ಮೇಲೆ ಇದೆಂಥ ಕರೆಂಟು ಮಾರಾಯ?" ಅಂದಳು. ಇವತ್ತಿಗೂ ಅವಳ ಅಭಿಪ್ರಾಯ ಬದಲಾಗಿಲ್ಲ.

ನಿಜವಾದ ಪರೀಕ್ಷೆ 2019ರ ಆಗಸ್ಟ್‌ನಲ್ಲಿ. ಆಶ್ಲೇಷ ಮಳೆ. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು. ಮಲೆಮನೆ ಕಡೆ ಜನರ ಮನೆಗಳೇ ಹೋದವು. ನಮಗೆ ಹೋದದ್ದು ಕರೆಂಟು ಮಾತ್ರ, ಹನ್ನೊಂದು ದಿನ. ಅದನ್ನು ಕಷ್ಟ ಅಂತ ಹೇಳಿಕೊಳ್ಳಲು ಈಗಲೂ ನಾಚಿಕೆ.

ಅಂಗಡಿಯಲ್ಲಿ ಮೂರನೇ ದಿನಕ್ಕೆ ಮೇಣದ ಬತ್ತಿ ಮುಗಿಯಿತು, ಆಮೇಲೆ ಬೆಂಕಿಪೊಟ್ಟಣ. ಊಟಕ್ಕೆ ತೊಂದರೆ ಆಗಲಿಲ್ಲ. ಅಮ್ಮ ಮೇ ಕೊನೆಯೊಳಗೆ ಮೂರು ತಿಂಗಳ ಸಾಮಾನು ಅಟ್ಟಕ್ಕೆ ಏರಿಸುವವಳು. ಅಕ್ಕಿ, ಹಲಸಿನ ಹಪ್ಪಳ, ಒಣ ಮೀನು, ಮಿಡಿ ಉಪ್ಪಿನಕಾಯಿ, ಮಣ್ಣು ಮೆತ್ತಿಟ್ಟ ಹಲಸಿನ ಬೀಜ. ರಸ್ತೆ ಹತ್ತಿರದಲ್ಲೇ ಇದೆ, ಯಾಕಮ್ಮಾ ಇದೆಲ್ಲ ಅಂತ ನಾನು ಪ್ರತಿ ವರ್ಷ ನಗುತ್ತಿದ್ದೆ. ನೀರು ಗುಡ್ಡದಿಂದ ಪೈಪಲ್ಲಿ ತಾನಾಗಿ ಬರುತ್ತದೆ. ಕಟ್ಟಿಗೆ ಒಣಗಿತ್ತು. ಕೈಕೊಟ್ಟದ್ದು ನಾನು ತಂದ ಪೆಟ್ಟಿಗೆ ಒಂದೇ.

ತಪ್ಪು ಅರ್ಧ ನನ್ನದು. ಮೊದಲ ಎರಡು ದಿನ ಟಿವಿ ಹಾಕಿ ಪ್ರವಾಹದ ಸುದ್ದಿ ನೋಡುತ್ತಾ ಕೂತೆ. ಮೂರನೇ ದಿನ ಬೆಳಿಗ್ಗೆ ಬ್ಯಾಟರಿ ಮಲಗಿತು. ಅಷ್ಟೊತ್ತಿಗೆ ಮೊಬೈಲ್ ಟವರ್ ಕೂಡ ಸತ್ತಿತ್ತು, ಜನರೇಟರಿಗೆ ಡೀಸೆಲ್ ಇರಲಿಲ್ಲವಂತೆ. ಕೊನೆಗೆ ಸುದ್ದಿ ಕೊಟ್ಟದ್ದು ಎರಡು ಸೆಲ್ಲಿನ ಹಳೇ ರೇಡಿಯೋ. ಆಕಾಶವಾಣಿಯ ಪ್ರದೇಶ ಸಮಾಚಾರಕ್ಕೆ ಪಕ್ಕದ ಮನೆಯವರೂ ನಮ್ಮ ಜಗಲಿಗೆ ಬರುತ್ತಿದ್ದರು.

ಏಳನೇ ದಿನ ಸಂಜೆ ಕರೆಂಟು ಬಂತು. ಎರಡು ಗಂಟೆ ಮಾತ್ರ. ಬಚ್ಚಲುಮನೆಯ ಹಳೇ ಬಲ್ಬು ಕೆಂಡದ ಹಾಗೆ ಕೆಂಪಗೆ ಕೂತಿತ್ತು, ಅಷ್ಟು ಕಮ್ಮಿ ವೋಲ್ಟೇಜು. ಪಕ್ಕದ ಮನೆಯವರ ಹತ್ತು ವರ್ಷದ ಇನ್ವರ್ಟರ್ ಗುಂಯ್ ಅಂತ ಚಾರ್ಜ್ ಆಯಿತು. ನನ್ನದು ಕರೆಂಟು ಬಂದೇ ಇಲ್ಲ ಅನ್ನುವ ಹಾಗೆ ಸುಮ್ನೆ ಕೂತಿತು. ಆ ಎರಡು ಗಂಟೆ ನಾನು ಅದರ ಮುಂದೆ ಟಾರ್ಚು ಹಿಡಿದು ನಿಂತಿದ್ದೆ. ಆಫ್ ಮಾಡಿ ಆನ್ ಮಾಡಿದೆ. ಬೈದೆ. ಏನೂ ಆಗಲಿಲ್ಲ. ಮತ್ತೆ ಕರೆಂಟು ಹೋಯಿತು.

ಆಮೇಲೆ ಕಂಪನಿಗೆ ಎಷ್ಟು ಸಲ ಫೋನ್ ಮಾಡಿದೆನೋ ಲೆಕ್ಕ ಇಲ್ಲ. "ಮೆಷಿನ್ ಸರಿ ಇದೆ ಸಾರ್, ವೋಲ್ಟೇಜ್ ನಿಮ್ಮ ಕಡೆಯದೇ ಪ್ರಾಬ್ಲಮ್." ಒಂದೇ ಉತ್ತರ. ಈ ವಿಮರ್ಶೆಯನ್ನು 2020ರಲ್ಲಿ ಬರೆದಿದ್ದರೆ ಒಂದು ಸ್ಟಾರೂ ಕೊಡುತ್ತಿರಲಿಲ್ಲ.

2021ರಲ್ಲಿ ಅರ್ಥಿಂಗ್ ಸರಿಮಾಡಲು ಒಬ್ಬರು ವೈರ್‌ಮ್ಯಾನ್ ಬಂದರು. ಪೆಟ್ಟಿಗೆಯನ್ನು ಗೋಡೆಯಿಂದ ಎಳೆದು ಹಿಂದೆ ಇಣುಕಿದರು. "ಇದೆಂಥ ಮಾರಾಯ್ರೆ, ಯುಪಿಎಸ್ ಮೋಡಲ್ಲಿ ಇಟ್ಟಿದ್ದೀರಿ? ಮನೇಲಿ ಕಂಪ್ಯೂಟರ್ ಉಂಟಾ?" ಇಲ್ಲ ಅಂದೆ. ಸ್ಕ್ರೂ ಡ್ರೈವರ್ ತುದಿಯಲ್ಲಿ ಕಡಲೆ ಗಾತ್ರದ ಒಂದು ಸ್ವಿಚ್ಚನ್ನು ಆಚೆ ತಳ್ಳಿದರು. ಅಷ್ಟೇ ಕೆಲಸ.

ವಿಷಯ ಏನೆಂದರೆ, ಯುಪಿಎಸ್ ಮೋಡ್ ಇರುವುದು ಕಂಪ್ಯೂಟರಿಗಾಗಿ. ಅದರಲ್ಲಿ ವೋಲ್ಟೇಜು ಸುಮಾರು 180ಕ್ಕಿಂತ ಕೆಳಗೆ ಇಳಿದರೆ ಪೆಟ್ಟಿಗೆ ಆ ಕರೆಂಟನ್ನು ಮುಟ್ಟುವುದೇ ಇಲ್ಲ. ನಾರ್ಮಲ್ ಮೋಡಿಗೆ ಹಾಕಿದರೆ 100ರ ಆಸುಪಾಸಿನವರೆಗೂ ತೆಗೆದುಕೊಳ್ಳುತ್ತದೆ, ನಿಧಾನಕ್ಕಾದರೂ ಚಾರ್ಜ್ ಆಗುತ್ತದೆ. ಕರೆಂಟು ಹೋದಾಗ ಬಲ್ಬು ಒಮ್ಮೆ ಮಿಟುಕಬಹುದು, ಅಷ್ಟೇ. ಆದರೆ ಅದೇ ಕಮ್ಮಿ ವೋಲ್ಟೇಜು ಇನ್ವರ್ಟರ್ ಲೈನಿಗೂ ಹೋಗುತ್ತದೆ, ಹಾಗಾಗಿ ಫ್ರಿಜ್ಜನ್ನು ಆ ಲೈನಿಗೆ ಕೊಡಬೇಡಿ. ಆ ರಾತ್ರಿ ಮೀಟರಲ್ಲಿ 155 ಇತ್ತು. ಹಸಿರು ದೀಪ ಮಿಣುಕುತ್ತಿತ್ತು. ನಾನು ಎರಡು ಸಲ ಎದ್ದು ಹೋಗಿ ನೋಡಿ ಬಂದೆ. ಅಂಗಡಿಯವರು ಜೋಡಿಸುವ ದಿನವೇ ಈ ಒಂದು ಮಾತು ಹೇಳಬಹುದಿತ್ತು, ಅಲ್ವಾ?

ಆವತ್ತಿನಿಂದ ನನಗೂ ಅದಕ್ಕೂ ರಾಜಿ ಆಗಿದೆ. ಈಗ ಮಳೆಗಾಲದ ಸಂಜೆಗಳು ಒಂದು ಕ್ರಮದಲ್ಲಿ ನಡೆಯುತ್ತವೆ. ಆರೂವರೆಗೆ ಅಮ್ಮ ದೇವರ ದೀಪ ಹಚ್ಚುತ್ತಾಳೆ, ಆಮೇಲೆ ನಾನು ಇನ್ವರ್ಟರ್ ಹಚ್ಚುತ್ತೇನೆ. ಅಡುಗೆಮನೆ, ಜಗಲಿ, ಮಗನ ಓದುವ ಮೂಲೆ, 9 ವ್ಯಾಟಿನ ಮೂರು ಬಲ್ಬು. ಫೋನುಗಳೆಲ್ಲ ಅದೇ ಹೊತ್ತಿನಲ್ಲಿ ಚಾರ್ಜಿಗೆ. ಹತ್ತೂವರೆಗೆ ಮುಂದಿನ ಬಟನ್ ಒತ್ತಿ ಪೂರ್ತಿ ಆಫ್. ಬಲ್ಬು ಆಫ್ ಮಾಡಿದರೆ ಸಾಲದು, ಪೆಟ್ಟಿಗೆಯನ್ನೇ ಆಫ್ ಮಾಡಬೇಕು. ಸುಮ್ನೆ ಆನ್ ಇದ್ದರೂ ನನ್ನದು 15 ವ್ಯಾಟ್‌ನಷ್ಟು ತಾನೇ ತಿನ್ನುತ್ತದೆ. ದಿನದ 24 ಗಂಟೆಗೆ 360 ವ್ಯಾಟ್-ಅವರ್ ಆಯಿತು. ಮೂರು ಬಲ್ಬು ನಾಲ್ಕು ಗಂಟೆ ಉರಿದರೂ 108 ಮಾತ್ರ! ಈ ಲೆಕ್ಕ 2019ರಲ್ಲಿ ಗೊತ್ತಿದ್ದರೆ, ಟಿವಿ ಇಲ್ಲದೆ ಐದಾರು ದಿನ ಎಳೆಯುತ್ತಿದ್ದೆ.

ಬಟನ್ ಒತ್ತಿದಾಗ ಟಿಕ್ ಅನ್ನುತ್ತದೆ, ಗುಂಯ್ ಸದ್ದು ನಿಲ್ಲುತ್ತದೆ. ಅಲ್ಲಿವರೆಗೆ ಆ ಸದ್ದು ಇತ್ತು ಅನ್ನುವುದೇ ಮರೆತಿರುತ್ತದೆ. ಹಂಚಿನ ಮೇಲೆ ಮಳೆ ಒಮ್ಮೆಲೇ ಜೋರಾದ ಹಾಗೆ ಕೇಳುತ್ತದೆ. ನನಗೆ ಇಡೀ ದಿನದಲ್ಲಿ ಇಷ್ಟದ ಹೊತ್ತು ಅದು. 19,000 ಕೊಟ್ಟು ತಂದ ವಸ್ತುವನ್ನು ಆಫ್ ಮಾಡುವುದೇ ಇಷ್ಟ ಅಂದರೆ ನಗಬೇಡಿ.

ತಿಂಗಳ ಮೊದಲ ಭಾನುವಾರ ಬ್ಯಾಟರಿ ನೀರು ನೋಡುತ್ತೇನೆ. ತೇಲುಕಡ್ಡಿ ಕೆಂಪಿಗೆ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್. ಮಳೆನೀರು ಆಗಲ್ವಾ ಅಂತ ಪಕ್ಕದವರು ಕೇಳಿದರು. ಪಾಚಿ ಕಟ್ಟಿದ ಹಂಚಿನಿಂದ ಇಳಿದ ನೀರು ಬೇಡ ಮಾರಾಯ್ರೆ. ಟರ್ಮಿನಲ್ಲಿಗೆ ಕಟ್ಟಿದ ಬಿಳಿ ಹುಡಿಯನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ವ್ಯಾಸಲೀನ್ ಹಚ್ಚುತ್ತೇನೆ. ಚಾರ್ಜ್ ಆಗುವಾಗ ಗ್ಯಾಸ್ ಬಿಡುತ್ತದೆ, ಹಾಗಾಗಿ ಕಿಟಕಿ ಇರುವ ಕೋಣೆಯಲ್ಲೇ ಇಟ್ಟಿದ್ದೇನೆ.

ಮೊದಲ ಬ್ಯಾಟರಿ ಆರು ಮಳೆಗಾಲ ಬಂತು. 2024ರ ಏಪ್ರಿಲ್‌ನಲ್ಲಿ ಹಳೆಯದನ್ನು ಕೊಟ್ಟು ಹೊಸದು ತಂದೆ. ಪೆಟ್ಟಿಗೆ ಅದೇ. ದಿನಕ್ಕೆ ಒಂದೆರಡು ಗಂಟೆ ಕರೆಂಟು ಹೋಗುವ ಪೇಟೆಯವರಿಗೆ ಈ ತಾಪತ್ರಯ ಯಾವುದೂ ಇಲ್ಲ, ಕಣ್ಣುಮುಚ್ಚಿ ತಗೊಳ್ಳಿ. ವಾರಗಟ್ಟಲೆ ಕತ್ತಲಾಗುವ ನಮ್ಮಂಥವರು ಜೊತೆಗೊಂದು ಸೆಲ್ಲಿನ ರೇಡಿಯೋ ಇಟ್ಟುಕೊಳ್ಳಿ, ಮತ್ತು ಇವತ್ತೇ ಪೆಟ್ಟಿಗೆ ಎಳೆದು ಹಿಂದೆ ನೋಡಿ.

ನನ್ನ ಕಡೆಯಿಂದ ಮೂರೂವರೆ ಸ್ಟಾರ್. ಅಮ್ಮನನ್ನು ಕೇಳಿದೆ. ಅವಳು ಒರಳಲ್ಲಿ ಕಾಯಿ ರುಬ್ಬುತ್ತಿದ್ದಳು, ಉತ್ತರ ಕೊಡಲಿಲ್ಲ.