ಅಮ್ಮನಿಗೆ ತಂದ ವಾರ-ತಾರೀಖಿನ ಗಡಿಯಾರ: ಎರಡು ವರ್ಷ ಬಳಸಿದ ಮೇಲೆ

ಅಮ್ಮನಿಗೆ ಆಲ್ಝೈಮರ್ಸ್ ಅನ್ನುವ ಮರೆವಿನ ಕಾಯಿಲೆ ಅಂತ ಗೊತ್ತಾದ ಮೂರು ತಿಂಗಳಿಗೆ ಈ ಗಡಿಯಾರ ತರಿಸಿದೆ. ಆನ್‌ಲೈನ್‌ನಲ್ಲಿ ಮೂರು ಸಾವಿರದ ಆಸುಪಾಸು. ಎಂಟು ಇಂಚಿನ ಕಪ್ಪು ಪರದೆ, ಮೇಲೆ ದಪ್ಪ ಬಿಳಿ ಅಕ್ಷರ. ಗಂಟೆ ಒಂದೇ ಅಲ್ಲ, ವಾರ, ತಾರೀಖು, ಈಗ ಬೆಳಿಗ್ಗೆಯೋ ಸಂಜೆಯೋ ರಾತ್ರಿಯೋ ಅನ್ನುವುದೂ ಬರುತ್ತದೆ. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಥರದ್ದು ತುಂಬಾ ಸಿಗುತ್ತವೆ.

ತರಿಸಿದ್ದಕ್ಕೆ ಕಾರಣ ಒಂದೇ ಪ್ರಶ್ನೆ. "ಇವತ್ತು ಯಾವ ವಾರ?" ಒಂದು ದಿನ ತಿಂಡಿ ಆಗುವುದರೊಳಗೆ ಹದಿನೇಳು ಸಲ ಕೇಳಿದ್ದರು. ಅದು ಹಠ ಅಲ್ಲ, ನಮ್ಮನ್ನು ಸತಾಯಿಸೋಕೂ ಅಲ್ಲ. ಈ ಕಾಯಿಲೆ ಸಾಮಾನ್ಯವಾಗಿ ಶುರುವಿನಲ್ಲೇ ಮೆದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗಕ್ಕೆ ಬೀಳುತ್ತದೆ. ಹೊಸದನ್ನು ನೆನಪಿಗೆ ಸೇರಿಸುವುದು ಅದರ ಕೆಲಸ. ಹಾಗಾಗಿ ತನ್ನ ಮದುವೆ ಊಟಕ್ಕೆ ಏನೇನು ಬಡಿಸಿದ್ದರು ಅಂತ ಸಾಲಾಗಿ ಹೇಳುವ ಅಮ್ಮನಿಗೆ ಈಗಷ್ಟೇ ಕುಡಿದ ಕಾಫಿ ನೆನಪಿರುವುದಿಲ್ಲ.

ಗಡಿಯಾರ ಬಂದ ಮೇಲೆ ಅಮ್ಮ ತಾವೇ ಎದ್ದು ಹೋಗಿ ನೋಡಿ, ತಲೆ ಆಡಿಸಿ ವಾಪಸ್ ಬಂದು ಕೂರುತ್ತಿದ್ದರು. ಕೇಳುವುದು ಅರ್ಧಕ್ಕರ್ಧ ಇಳಿಯಿತು. ಅದಕ್ಕಿಂತ ಜಾಸ್ತಿ, ಪದೇ ಪದೇ ಕೇಳಬೇಕಲ್ಲ ಅನ್ನುವ ಸಂಕೋಚ ಅವರ ಮುಖದಿಂದ ಹೋಯಿತು. ಅಷ್ಟಕ್ಕೇ ಕೊಟ್ಟ ದುಡ್ಡು ಬಂತು ಅಂತ ನನಗೆ ಅನಿಸಿದೆ.

ದೊಡ್ಡ ತೊಂದರೆ ಅಂದರೆ ಇದರಲ್ಲಿ ಕನ್ನಡ ಇಲ್ಲ. ಅಮ್ಮ ಟೀಚರ್ ಆಗಿದ್ದವರು, ಇಂಗ್ಲಿಷ್ ಬರುತ್ತಿತ್ತು, ಆದರೆ ಅವರಿಂದ ಮೊದಲು ಜಾರಿದ್ದೇ ಅದು. ಎರಡನೆಯದು, ಕರೆಂಟ್ ಹೋಗಿ ಬಂದರೆ ಟೈಮ್ ಅಳಿಸಿಹೋಗುತ್ತದೆ. ಒಳಗೆ ಬ್ಯಾಟರಿ ಇದೆ ಅಂತ ಡಬ್ಬಿ ಮೇಲೆ ಬರೆದಿತ್ತು. ಒಂದು ರಾತ್ರಿ ಕರೆಂಟ್ ಹೋಗಿ ಬಂದು, ಎರಡು ಗಂಟೆ ಹೊತ್ತಿಗೆ ಅದು ಸೋಮವಾರ ಬೆಳಿಗ್ಗೆ ಅಂತ ತೋರಿಸುತ್ತಿತ್ತು. ನನಗೆ ಎಚ್ಚರವಾಗಿ ನೋಡಿದರೆ ಅಮ್ಮ ತಣ್ಣೀರಲ್ಲಿ ಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು, ಸೆರಗಿಗೆ ಪಿನ್ ಹಾಕಿಕೊಂಡು ಬಾಗಿಲ ಚಿಲಕ ಹುಡುಕುತ್ತಿದ್ದಾರೆ. ಸ್ಕೂಲಿಗೆ ಹೊತ್ತಾಯಿತಂತೆ. ಕೈ ಐಸ್ ಥರ ಇತ್ತು. ತಗೊಳ್ಳುವವರು ಮೊದಲ ದಿನವೇ ಪ್ಲಗ್ ಕಿತ್ತು ಹಾಕಿ ಪರೀಕ್ಷೆ ಮಾಡಿ, ಟೈಮ್ ಅಳಿಸಿಹೋದರೆ ವಾಪಸ್ ಕಳಿಸಿ.

ಸುಮಾರು ಹದಿನಾಲ್ಕು ತಿಂಗಳಾದ ಮೇಲೆ ಒಂದು ದಿನ ಅಮ್ಮ ಗಡಿಯಾರದ ಮುಂದೆ ನಿಂತು "ಥರ್ಸ್‌ಡೇ" ಅಂತ ಸ್ಪಷ್ಟವಾಗಿ ಓದಿದರು. ಓದಿ ನನ್ನ ಕಡೆ ತಿರುಗಿ, "ಇವತ್ತು ಯಾವ ವಾರ?" ಅಂದರು. ಕಾರ್ಡಿನ ಮೇಲೆ ಕನ್ನಡದಲ್ಲೇ ಬರೆದು ಅಂಟಿಸಿದೆ. ಅದನ್ನೂ ಓದಿದರು, ಅದೇ ಕೇಳಿದರು. ಓದು ಉಳಿದಿತ್ತು, ಅರ್ಥ ಹೋಗಿತ್ತು. ಅವತ್ತು ಅಡುಗೆಮನೆಗೆ ಹೋಗಿ ಅತ್ತೆ.

ಡಾಕ್ಟರ್ ಆಮೇಲೆ ಕಾಯಿಲೆ ಎಷ್ಟು ಮುಂದೆ ಹೋಗಿದೆ ಅಂತ ನೋಡುವ ಏಳು ಹಂತದ ಒಂದು ಅಳತೆ ತೋರಿಸಿದರು. 1982ರಲ್ಲಿ ಅಮೆರಿಕದ ಡಾ. ಬ್ಯಾರಿ ರೈಸ್‌ಬರ್ಗ್ ಮತ್ತು ಅವರ ಜೊತೆಯವರು ಮಾಡಿದ್ದು. ವಾರ ತಾರೀಖು ತಪ್ಪುವುದು, ಯಾವ ಬಟ್ಟೆ ಹಾಕಿಕೊಳ್ಳಬೇಕು ಅಂತ ತೋಚದಿರುವುದು ಐದನೆಯ ಹಂತ. ಹಗಲು ರಾತ್ರಿ ಅದಲುಬದಲಾಗುವುದು, ಸ್ನಾನಕ್ಕೆ ಇನ್ನೊಬ್ಬರು ಬೇಕಾಗುವುದು ಆರನೆಯದು. ಎಲ್ಲರಿಗೂ ಇದೇ ಲೆಕ್ಕ ಅಂತಲ್ಲ. ಲಕ್ವ ಹೊಡೆದು ಬರುವ ಮರೆವು ಒಂದಷ್ಟು ದಿನ ಹಾಗೇ ಇದ್ದು ಮೆಟ್ಟಿಲು ಇಳಿದ ಹಾಗೆ ಕುಸಿಯುವುದುಂಟು. ಈ ಗಡಿಯಾರ ಕೆಲಸಕ್ಕೆ ಬರುವುದು ಐದರ ಆಸುಪಾಸಿನಲ್ಲಿ, ಓದಿದ್ದು ಅರ್ಥ ಆಗುವವರೆಗೆ ಮಾತ್ರ. ಆಮೇಲೆ ಇಷ್ಟೇ ದುಡ್ಡಿಗೆ ಬಚ್ಚಲಲ್ಲಿ ಹಿಡಿದುಕೊಳ್ಳೋಕೆ ಕಂಬಿ ಹಾಕಿಸಿ.

ಇನ್ನೊಂದು ಮಾತು, ಗಡಿಯಾರಕ್ಕೆ ಸಂಬಂಧ ಇಲ್ಲ, ಆದರೂ ಹೇಳಲೇಬೇಕು. ಎರಡೇ ದಿನದಲ್ಲಿ ಪೂರ್ತಿ ಮಂಕಾದರೆ, ಗೊಂದಲ ಜಾಸ್ತಿಯಾದರೆ ಮುಂದಿನ ಹಂತ ಬಂತು ಅಂತ ಸುಮ್ನೆ ಕೂರಬೇಡಿ. ನಾವು ಕೂತಿದ್ದೆವು. ಅಮ್ಮನಿಗೆ ಮೂತ್ರದ ಸೋಂಕು ಆಗಿತ್ತು, ಔಷಧಿ ಕೊಟ್ಟ ಮೇಲೆ ಬಹುಪಾಲು ಸರಿಹೋದರು.

ಐದಕ್ಕೆ ಮೂರು ಕೊಡುತ್ತೇನೆ, ಕನ್ನಡ ಇದ್ದಿದ್ದರೆ ನಾಲ್ಕು. ಈಗ ಅದು ನನ್ನ ಮಂಚದ ಪಕ್ಕ ಇದೆ. ರಾತ್ರಿ ಅಮ್ಮ ಎದ್ದು ಕೂತಾಗ ಗಂಟೆ ಎಷ್ಟು ಅಂತ ನನಗೆ ಗೊತ್ತಾಗಬೇಕಲ್ವಾ.