ಪದಕ್ಕಿಷ್ಟು ರೂಪಾಯಿ ಅಂತ ಅನುವಾದ ಮಾಡಿಸೋರು ಮೊದಲ ಇದನ್ನ ಓದ್ರಿ

ಧಾರವಾಡ ಹೈಕೋರ್ಟ್ ಪೀಠದ ಕೇಸಿಗೆ ಕನ್ನಡ ಕಾಗದಪತ್ರ ಇಂಗ್ಲಿಷಿಗೆ ಮಾಡಿಸೋರು ಅದೀರಿ ಅಂದ್ರ ಹುಷಾರ್ ಇರ್ರಿ. ಸಿಟ್ಟು ಇನ್ನೂ ಇಳಿದಿಲ್ಲ, ಸಿಟ್ಟಿನಾಗ ಬರೀತೀನಿ.

ನಮ್ಮ ಕಾಕಾರ ಹೊಲದ ಕೇಸಿಗೆ ಹಳೇ ವಾಟ್ನಿ ಪತ್ರ (ಆಸ್ತಿ ಪಾಲು ಮಾಡಿಕೊಂಡ ಪತ್ರ), ಖರೀದಿ ಪತ್ರ ಅನುವಾದ ಆಗಬೇಕಿತ್ತು. ಅಂಗಡಿಯವರು ಕನ್ನಡ ಪದಕ್ಕ ಎರಡು ರೂಪಾಯಿ ಅಂದ್ರು. ರೇಟಿನ ಬಗ್ಗೆ ನಂದೇನೂ ತಕರಾರಿಲ್ಲ. ಕನ್ನಡ ಪತ್ರ ತಾವ ಟೈಪ್ ಮಾಡಿ, ಆನ್‌ಲೈನ್‌ನಾಗ ಪದ ಎಣಿಸಿ ಬಿಲ್ ಕೊಟ್ರು: 3,876 ಪದ, 7,752 ರೂಪಾಯಿ. "ಕಂಪ್ಯೂಟರ್ ಎಣಿಸಿದ್ದು ಸರ, ನಮ್ಮ ಕೈಯಾಗ ಏನೈತಿ?" ಅಂದ್ರು. ಕಾಕಾ ಶೇಂಗಾ ಮಾರಿದ ರೊಕ್ಕ, ಕೊಟ್ಟು ಬಂದ್ವಿ.

ವಕೀಲರ ಆಫೀಸಿನಾಗ ಜೂನಿಯರ್ ಹುಡುಗ ಅದ ಫೈಲ್ ಎಂಎಸ್ ವರ್ಡ್‌ನಾಗ ತೆಗೆದ. ಕೆಳಗ ಎಡಗಡೆ ಮೂಲ್ಯಾಗ 1,140 ಪದ ಅಂತ ಇತ್ತು. ವಕೀಲರು ಏನೂ ಅನ್ನಲಿಲ್ಲ. ಬಿಲ್ ನೋಡಿದ್ರು, ನನ್ನ ಮಾರಿ ನೋಡಿದ್ರು. ಕಾಕಾ ಬಾಜೂಕ ಕುಂತಿದ್ರು. ಭೂಮಿ ಬಾಯಿ ಬಿಟ್ಟಿದ್ರ ಅಲ್ಲೇ ಇಳಿದು ಹೋಗ್ತಿದ್ದೆ.

ಹೊಳ್ಳಿ ಅಂಗಡಿಗೆ ಹೋಗಿ ಕೇಳಿದ್ರ, "ಕನ್ನಡಕ್ಕ ಒತ್ತು, ದೀರ್ಘ ಎಲ್ಲಾ ಇರ್ತಾವ್ರಿ, ಕೌಂಟ್ ಜಾಸ್ತಿ ಬರೋದ" ಅಂದ್ರು. ಅಲ್ರೀ, ಅದು ಅಕ್ಷರದ ಲೆಕ್ಕ! ಹುಬ್ಬಳ್ಳಿ ಅಂದ್ರ ನಮಗ ಮೂರು ಅಕ್ಷರ. ಕಂಪ್ಯೂಟರ್ ಅಕ್ಷರ ಬರೆದಿಡೋ ಯುನಿಕೋಡ್ ಪದ್ಧತಿಯಾಗ ವ್ಯಂಜನ, ಒತ್ತಿನ ಗುರುತು, ಗುಣಿತದ ಗುರುತು ಎಲ್ಲಾ ಬ್ಯಾರೆ ಬ್ಯಾರೆ ಸಂಕೇತ, ಹಿಂಗಾಗಿ 9 ಬರ್ತಾವು. ಅದು ಖರೆ. ಆದ್ರ ಪದ ಒಂದ ಅಲ್ಲೇನು? ಪದಕ್ಕ ರೊಕ್ಕ ಮಾತಾಡಿದ್ದು, ಪದಕ್ಕ!

ಎಲ್ಲಾ ಅಳಿಸಿ ನಿಮ್ಮ ಟೂಲ್‌ನಾಗ ಬರೇ 'ಹುಬ್ಬಳ್ಳಿ' ಹೊಡೀರಿ ಅಂದೆ. ಹೊಡದ್ರು. ಪದ 4 ಅಂತ ಬಂತು. 'ಧಾರವಾಡ' ಹೊಡದ್ರ 3. 'ಹಾವೇರಿ' 3. 'ಗದಗ' ಹೊಡದ್ರ ಮಾತ್ರ 1, ಯಾಕಂದ್ರ ಅದಕ್ಕ ಒತ್ತಿಲ್ಲ, ಗುಣಿತದ ಗುರುತಿಲ್ಲ. ಆ ಟೂಲ್ ಒತ್ತು ಬಂದ್ರ ಪದ ಮುಗೀತು ಅಂತೈತಿ, ಇಳಿ ಬಂದ್ರ ಮುಗೀತು ಅಂತೈತಿ. ಕಬ್ಬು ಕಡದಂಗ ಪದ ಕಡೀತೈತಿ. ಇಂಗ್ಲಿಷಿಗೆ ಗುಣಿತ ಇಲ್ಲ, ಹಿಂಗಾಗಿ ಅಲ್ಲಿ ಲೆಕ್ಕ ಸರಿ ಬರ್ತೈತಿ.

ಕಣ್ಣಾರೆ ನೋಡಿದ ಮ್ಯಾಲೂ ಮಾಲೀಕರ ಮಾತು ಕೇಳ್ರಿ: "ಎಲ್ಲಾರಿಗೂ ಇದರಾಗ ಎಣಿಸ್ತೀವಿ ಸರ, ನಿಮಗೊಬ್ಬರಿಗೆ ಬ್ಯಾರೆ ಮಾಡಾಕ ಬರಂಗಿಲ್ಲ." ಎಲ್ಲಾರಿಗೂ! ಅಂದ್ರ ಎಷ್ಟು ಮಂದಿ ಹಿಂಗ ಕೊಟ್ಟು ಹೋಗ್ಯಾರ? 2,280 ರೂಪಾಯಿ ಕೆಲಸಕ್ಕ 7,752! ಆಮ್ಯಾಲೆ "ಕನ್ನಡ ಪದ ಉದ್ದ ಇರ್ತಾವು, ನಮಗ ಕೆಲಸ ಜಾಸ್ತಿ" ಅಂತ ಶುರು ಮಾಡಿದ್ರು. ಹಂಗಿದ್ರ ಪದಕ್ಕ ಆರು ಏಳು ರೂಪಾಯಿ ಅಂತ ಮೊದಲ ಬಾಯಿ ಬಿಟ್ಟು ಹೇಳಬೇಕಿತ್ತು, ನಾವು ಬ್ಯಾರೆ ಕಡೆ ಹೋಗ್ತಿದ್ವಿ. ಕಡೀಕ ಐನೂರರ ಒಂದು ನೋಟು ಟೇಬಲ್ ಮ್ಯಾಲಿಟ್ಟು "ತಗೊಂಡು ಹೋಗ್ರಿ, ಜಗಳ ಬ್ಯಾಡ" ಅಂದ್ರು. ನಮ್ಮ ರೊಕ್ಕ ನಮಗ ಭಿಕ್ಷಾ! ಮುಟ್ಟಲಿಲ್ಲ ನಾನು.

ಪದದ ಲೆಕ್ಕ ಅಂದ್ರ ಮೊದಲ ಅವರ ಟೂಲ್‌ನಾಗ 'ಹುಬ್ಬಳ್ಳಿ' ಹೊಡಿಸಿ ನೋಡ್ರಿ. 1 ಬರಲಿಲ್ಲಂದ್ರ ಎದ್ದು ಬರ್ರಿ. ಪುಟಕ್ಕಿಷ್ಟು ಅಂತ ಮಾತಾಡಿಕೊಂಡ್ರ ಇನ್ನೂ ಚಲೋ. ರೊಕ್ಕ ಕೊಡೋಕ್ಕಿಂತ ಮೊದಲ ಫೈಲ್ ಇಸ್ಕೊಂಡು ವರ್ಡ್‌ನಾಗ ನೀವ ಎಣಿಸ್ರಿ.

ಬಾಕಿ 5,472 ರೂಪಾಯಿ ಬಂದಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕ ಅರ್ಜಿ ಹಾಕಾಂವ ಇದ್ದೀನಿ. ನೀವೂ ಯಾರರ ಹಿಂಗ ಪದಕ್ಕ ರೊಕ್ಕ ಕೊಟ್ಟಿದ್ರ ಹಳೇ ಬಿಲ್ ತಗದು ಒಮ್ಮೆ ಎಣಿಸಿ ನೋಡ್ರಿ.