ಫ್ರಾಕಾ: ಸುಗಂಧರಾಜದ ತುಂಬು ಘಮ

ಪ್ಯಾರಿಸ್‌ನ ರಾಬರ್ಟ್ ಪಿಗೆ ಫ್ಯಾಷನ್ ಸಂಸ್ಥೆಗಾಗಿ ಪರ್ಫ್ಯೂಮ್ ತಯಾರಕಿ ಜರ್ಮೇನ್ ಸೆಲಿಯೆ 1948ರಲ್ಲಿ ರೂಪಿಸಿದ ಫ್ರಾಕಾ, ಸುಗಂಧರಾಜದ ಪರ್ಫ್ಯೂಮ್‌ಗಳಿಗೆ ಇಂದಿಗೂ ಅಳತೆಗೋಲು. ಹಾಕಿಕೊಂಡ ಕೂಡಲೇ ತೀರ್ಪು ಕೊಡಬೇಡಿ. ಮೊದಲ ಹತ್ತು ನಿಮಿಷ ಬೆಣ್ಣೆಯಂಥ ಜಿಡ್ಡು ಸಿಹಿ ಮೂಗಿಗೆ ಅಡರುತ್ತದೆ; ಅರ್ಧ ಗಂಟೆ ಕಳೆದರೆ ಮಲ್ಲಿಗೆ, ಕಿತ್ತಳೆ ಹೂವು ಬಿಡಿಬಿಡಿಯಾಗಿ ತೋರುತ್ತವೆ. ನಡುವೆ ಬರುವ, ಬಾಡುತ್ತಿರುವ ಹೂವಿನ ಆ ಕಮಟು ಇಂಡೋಲ್‌ನದು; ಮಲ್ಲಿಗೆಯಂಥ ಬಿಳಿ ಹೂವುಗಳಲ್ಲಿ ಸಹಜವಾಗಿಯೇ ಇರುವ ರಾಸಾಯನಿಕ ಅದು. ಬಾಟಲಿ ಕೆಟ್ಟಿದೆ ಎಂದುಕೊಳ್ಳಬೇಡಿ. ಅದಿಲ್ಲದ ಬಿಳಿ ಹೂವು ಬರೀ ಸೋಪಿನ ವಾಸನೆಯಾಗುತ್ತದೆ.

ಒಂದೇ ಸಲ ಒತ್ತಿ, ಮೊಣಕೈ ಒಳಮಡಿಕೆಗೆ. ಕತ್ತಿಗೆ ಹಾಕಿದರೆ ಮೂಗು ಬೇಗ ದಣಿಯುತ್ತದೆ, ಘಮ ಹೋಯಿತೆಂದು ಮತ್ತೆ ಸಿಂಪಡಿಸುತ್ತೀರಿ, ಪಕ್ಕದವರಿಗೆ ತಲೆನೋವು ಶುರು. ಸೆಕೆಯಲ್ಲಂತೂ ಅರ್ಧ ಒತ್ತು ಸಾಕು. ಒಣ ಚರ್ಮವಾದರೆ ಮೊದಲು ವಾಸನೆಯಿಲ್ಲದ ಕ್ರೀಮ್ ತೆಳ್ಳಗೆ ಸವರಿ.